ಗುಬ್ಬಿಯ ಹಳದಿ ಗಿಳಿ

ಸಂಕ್ರಾಂತಿಯ ಸಂಜೆ. ಎಳ್ಳು ಬೀರಿ ಬಂದ ನನ್ನ ಮಗಳು ಜರಿ ಲಂಗವನ್ನೂ ಬಿಚ್ಚದೆ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಕೈಯಲ್ಲಿ ಹಳದಿ ಬಣ್ಣದ ಸಕ್ಕರೆ ಗಿಳಿ. ಗಿಳಿಯ ತಲೆ ಆಗಲೇ ಹೊಟ್ಟೆ ಸೇರಿತ್ತು, ಬಾಲ ಚೀಪುತ್ತಿದ್ದಳು. ನಾನು ದೇವರಿಗೆ ದೀಪ ಹಚ್ಚಿ ಹೊರಗೆ ಬರುವಷ್ಟರಲ್ಲಿ ಪರಪರ ಕತ್ತು ಕೆರೆದುಕೊಳ್ಳುತ್ತಿದ್ದಾಳೆ! ನೋಡನೋಡುತ್ತಿದ್ದಂತೆ ತೋಳು, ಬೆನ್ನು, ಹೊಟ್ಟೆ ಎಲ್ಲ ಕಡೆ ಕೆಂಪಗೆ ದಪ್ಪದಪ್ಪ ಗಂಧೆ ಎದ್ದುಬಿಟ್ಟವು. ಒಂದು ಕಣ್ಣಂತೂ ಊದಿಕೊಂಡು ಮುಚ್ಚಿಯೇ ಹೋಯಿತು.

ಅತ್ತೆ ಒಳಗಿಂದ ಓಡಿಬಂದರು. ಮಗುವಿಗೆ ಕಂಬಳಿ ಸುತ್ತಿದರು, ಮೈಗೆಲ್ಲ ವಿಭೂತಿ ಬಳಿದರು, ಮೆಣಸಿನಕಾಯಿ ನಿವಾಳಿಸಿ ಬಚ್ಚಲ ಒಲೆಗೆ ಹಾಕಿದರು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು. ಘಾಟು ಬಂತು ಅಂದ ಮೇಲೆ ದೃಷ್ಟಿಯಲ್ಲ, ಹಾಗಾದರೆ ತಿಂದದ್ದರ ದೋಷ ಎಂದು ಅತ್ತೆ ಅಲ್ಲೇ ತೀರ್ಮಾನ ಮಾಡಿಬಿಟ್ಟರು.

"ನಿಮ್ ಗುಬ್ಬಿ ಕೊಬ್ರಿನೇ ಕಣಮ್ಮ ಇದು. ನಿಮ್ಮವ್ವ ಕಳ್ಸಿದ್ದು. ಕಮಟು ಕೊಬ್ರಿ ಮಗೀಗೆ ಆಯ್ತದಾ?"

ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಅದೇ ಕೊಬ್ರಿನ ನೀವೂ ಬೆಳಗಿಂದ ಮೆಲ್ತಾನೇ ಇದೀರಲ್ಲ ಅತ್ತೆ! ನಿಮಗೇನೂ ಎದ್ದಿಲ್ವಲ್ಲ!" ಅಂದೆ. ನಮ್ಮ ಯಜಮಾನರು ಯಾರ ಪರವೂ ಮಾತಾಡದೆ ಸ್ಕೂಟರ್ ಹೊರಗೆ ತೆಗೆದರು. ಡಾಕ್ಟರು ಒಂದು ಸಿರಪ್ ಬರೆದುಕೊಟ್ಟು, "ಅಲರ್ಜಿ ಅಮ್ಮಾ. ಏನೋ ತಿಂದದ್ದು ಮೈಗೆ ಒಗ್ಗಿಲ್ಲ. ಏನು ಅಂತ ನೀವೇ ಒಂದೊಂದಾಗಿ ನೋಡಿ ಕಂಡುಹಿಡೀಬೇಕು" ಎಂದರು. ಮಾರನೆಯ ದಿನದ ಹೊತ್ತಿಗೆ ಗಂಧೆ ಇಳಿಯಿತು. ಮನೆಯಲ್ಲಿ ಎದ್ದ ಗಲಾಟೆ ಮಾತ್ರ ಇಳಿಯಲಿಲ್ಲ.

ನಮ್ಮ ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಅತ್ತೆಯ ತವರು ಬೆಳ್ಳಾವಿ, ನನ್ನದು ಗುಬ್ಬಿ. ಗುಬ್ಬಿಯ ನಮ್ಮ ಬೀದಿಯಲ್ಲಿ ಅಮ್ಮನ ಸಕ್ಕರೆ ಅಚ್ಚಿಗೆ ದೊಡ್ಡ ಹೆಸರು. ಅವಳ ಹತ್ತಿರ ಅಜ್ಜಿಯ ಕಾಲದ ಮರದ ಅಚ್ಚುಗಳಿದ್ದವು: ಗಿಳಿ, ಹಸು, ಮೀನು, ಬೃಂದಾವನ, ಗೋಪುರ. ಒಂದೊಂದೂ ಎರಡು ಹೋಳು. ನೀರಲ್ಲಿ ನೆನೆಸಿ, ಜೋಡಿಸಿ ದಾರ ಬಿಗಿದು, ಕುದಿಯುವ ಸಕ್ಕರೆ ಪಾಕ ಬಿಡಬೇಕು. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆಯುವುದು, ನಿಂಬೆರಸ ಹಿಂಡುವುದು, ಒದ್ದೆ ಬಟ್ಟೆಯಲ್ಲಿ ಸೋಸುವುದು, ಬೆಳ್ಳಗೆ ನೊರೆ ಕಟ್ಟುವ ತನಕ ತಿರುವುವುದು, ಇದೆಲ್ಲ ಅಮ್ಮನ ಕೈಯಲ್ಲಿ ಆಟವಾಡಿದ ಹಾಗೆ ಆಗುತ್ತಿತ್ತು. ದಾರ ಬಿಚ್ಚಿ ಹೋಳು ತೆಗೆದಾಗ ಗಿಳಿಯ ಕಣ್ಣು, ರೆಕ್ಕೆಯ ಗೆರೆ ಎಲ್ಲ ಮೂಡಿರುತ್ತಿತ್ತು. ಧನುರ್ಮಾಸ ಬಂತೆಂದರೆ ಬೀದಿಯ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲೇ ಇರುತ್ತಿದ್ದರು.

ತೊಂಬತ್ತರ ದಶಕದ ನಡುವೆ ನನ್ನ ಮದುವೆಯಾಗಿ ಮೊದಲ ಸಂಕ್ರಾಂತಿ. ಅಮ್ಮ ಬೆತ್ತದ ಬುಟ್ಟಿಯಲ್ಲಿ ಅಚ್ಚು ತುಂಬಿಕೊಂಡು ತಾನೇ ಉಪ್ಪಾರಹಳ್ಳಿಗೆ ಬಂದಳು. ಎಲ್ಲ ಬೆಳ್ಳಗೆ, ಹಾಲಿನ ಹಾಗೆ. ಅಕ್ಕಪಕ್ಕದ ಹೆಂಗಸರು ನೋಡಲು ಸೇರಿದ್ದರು. ಅತ್ತೆ ಒಂದು ಗಿಳಿ ಎತ್ತಿ ತಿರುಗಿಸಿ ನೋಡಿ, ಎಲ್ಲರ ಎದುರಿಗೇ ಅಂದರು: "ಅಯ್ಯೋ, ಬರೀ ಬೆಳ್ಳಗವೆ. ಯಾಕ್ ಬೀಗ್ರೇ, ನಿಮ್ ಗುಬ್ಬೀಲಿ ಬಣ್ಣ ಸಿಗಾಕಿಲ್ವಾ?"

ಹೆಂಗಸರು ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಆದರೆ ಹೊಸ ಸೊಸೆ, ಬಾಯಿ ಬಿಡುವ ಹಾಗಿಲ್ಲ. ಅಮ್ಮ ಮಾತ್ರ ನಗುನಗುತ್ತಲೇ ಕಾಫಿ ಕುಡಿದು ಹೊರಟಳು. ಮುಂದಿನ ವರ್ಷ ಬಂದ ಬುಟ್ಟಿಯಲ್ಲಿ ಹಸುಗಳು ಗುಲಾಬಿ, ಗಿಳಿಗಳು ಹಳದಿ! ಅತ್ತೆ ಖುಷಿಯಾಗಿ ಬೀದಿಗೆಲ್ಲ ಹಂಚಿದರು. ಅಲ್ಲಿಂದ ಪ್ರತಿ ವರ್ಷವೂ ಬಣ್ಣದ್ದೇ ಬರುತ್ತಿತ್ತು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ, ಮಗಳು ತಾನೇ ತಟ್ಟೆ ಹಿಡಿದು ಎಳ್ಳು ಬೀರುವಷ್ಟು ದೊಡ್ಡವಳಾದಳು, ತನಗೆ ಬೇಕಾದ್ದನ್ನು ತಾನೇ ಆರಿಸಿ ತಿನ್ನುವಷ್ಟೂ ಆದಳು. ಅವಳಿಗೆ ಬೇಕಾದದ್ದು ಗಿಳಿ. ಗಂಧೆ ಎದ್ದದ್ದು ಆ ವರ್ಷ.

ಶಿವರಾತ್ರಿಗೆ ಮೊಮ್ಮಗಳನ್ನು ನೋಡಲು ಬಂದ ಅಮ್ಮನಿಗೆ ಅತ್ತೆ ಬಾಗಿಲಲ್ಲೇ ಹೇಳಿದರು. "ಬೀಗ್ರೇ, ಬ್ಯಾಸರ ಮಾಡ್ಕೋಬ್ಯಾಡಿ. ಇನ್ ಮುಂದೆ ಏನೂ ಕಳ್ಸೋಕ್ ಹೋಗ್ಬ್ಯಾಡಿ. ನಿಮ್ ಮನೆ ಪದಾರ್ಥ ಮಗೀಗೆ ಆಗಾಕಿಲ್ಲ."

ಅಮ್ಮ ಕೈಯಲ್ಲಿದ್ದ ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಸೆರಗಿನೊಳಗೆ ಸರಿಸಿಕೊಂಡಳು. ಅದನ್ನು ನಾನು ನೋಡಿದೆ. ಹೊರಡುವಾಗ ಬಸ್‌ಸ್ಟಾಂಡಿನಲ್ಲಿ ನನಗೊಬ್ಬಳಿಗೇ ಹೇಳಿದಳು. "ಅಚ್ಚುಗಳ್ನ ಚೇಳೂರು ಚಿಕ್ಕಮ್ಮಂಗೆ ಕೊಟ್ಬಿಡ್ತೀನಿ ಕಣೇ. ಕಾರ್ತೀಕ ಕಳೀಲಿ, ಬಂದು ತಗೊಂಡ್ ಹೋಗ್ತಾಳಂತೆ. ನನ್ ಕೈಯಿಂದ ಮಗೀಗೆ ಹಿಂಗಾಯ್ತು ಅಂದ್ಮೇಲೆ ಯಾರಿಗ್ ಮಾಡ್ಲಿ?"

ಚೇಳೂರು ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಆ ಅಚ್ಚುಗಳ ಮೇಲೆ ಅವಳಿಗೆ ಚಿಕ್ಕಂದಿನಿಂದಲೂ ಕಣ್ಣು. ಅಚ್ಚಿಲ್ಲದ ಧನುರ್ಮಾಸದಲ್ಲಿ, ಖಾಲಿ ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ ಕೂತಿರುವುದನ್ನು ನೆನೆಸಿಕೊಂಡೇ ನನ್ನ ಕಣ್ಣು ತುಂಬಿತು. ಬಸ್ಸು ಮರೆಯಾಗುವ ತನಕ ನಿಂತಿದ್ದೆ. ನಿಂತಲ್ಲೇ ಹಟ ಹುಟ್ಟಿತು: ಕಾರ್ತೀಕ ಕಳೆಯುವುದರೊಳಗೆ ನನ್ನ ಮಗಳಿಗೆ ಆಗದಿರುವುದು ಏನು ಅಂತ ಕಂಡುಹಿಡಿದೇ ಹಿಡಿಯುತ್ತೇನೆ! ಅಮ್ಮನ ಮೇಲೆ ಬಂದ ಮಾತನ್ನು ತೆಗೆದೇ ತೆಗೆಯುತ್ತೇನೆ!

ಅಲ್ಲಿಂದ ನಮ್ಮ ಮನೆಯಲ್ಲಿ ಗುಟ್ಟಿನ ಪರೀಕ್ಷೆಗಳು ಶುರುವಾದವು. ಅತ್ತೆ ಮಧ್ಯಾಹ್ನ ಮಲಗುವುದನ್ನೇ ಕಾದು, ಮಗಳನ್ನು ಅಡುಗೆಮನೆಗೆ ಕರೆದು, ಒಂದು ವಾರ ಬರೀ ಕೊಬ್ಬರಿ ಚೂರು ಕೊಟ್ಟೆ. ಅದೂ ಗುಬ್ಬಿಯದೇ ಕೊಬ್ಬರಿ. ಏನೂ ಇಲ್ಲ! ಇನ್ನೊಂದು ವಾರ ಎಳ್ಳು. ಏನೂ ಇಲ್ಲ! ಬೆಲ್ಲ, ಕಡಲೆಬೀಜ, ಹುರಿಗಡಲೆ, ಒಂದಾದ ಮೇಲೆ ಒಂದು. ಸಿರಪ್ ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು, ಅವಳ ತೋಳನ್ನೇ ದಿಟ್ಟಿಸುತ್ತಾ ಕೂರುತ್ತಿದ್ದೆ. ಮಗಳಿಗಂತೂ ಹಬ್ಬ. "ಅಮ್ಮಾ, ಇವತ್ತೇನ್ ಟೆಸ್ಟು?" ಅಂತ ಸ್ಕೂಲಿಂದ ಓಡಿ ಬರುತ್ತಿದ್ದಳು. ಎಲ್ಲ ಮುಗಿಯಿತು, ಗಂಧೆ ಏಳಲೇ ಇಲ್ಲ. ಕೊಬ್ಬರಿ ಗೆದ್ದಿತು ಅಂತ ಕುಣಿಯಬೇಕೆನಿಸಿತು. ಆದರೆ ಕೊಬ್ಬರಿಯಲ್ಲ ಅಂದರೆ ಮತ್ತೇನು? ಅದು ಗೊತ್ತಾಗದೆ ಅತ್ತೆಯ ಮುಂದೆ ಬಾಯಿ ಬಿಡುವಂತಿರಲಿಲ್ಲ. ಸಕ್ಕರೆಯನ್ನು ದಿನಾ ಹಾಲಿಗೆ ಹಾಕಿ ಕುಡಿಯುತ್ತಾಳೆ, ಅಚ್ಚಿನಲ್ಲಿ ಸಕ್ಕರೆ ಬಿಟ್ಟು ಇನ್ನೇನಿದೆ ಅಂತ ನಾನೂ ಅದನ್ನು ಪರೀಕ್ಷೆಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಸಿಕ್ಕಿದ್ದು ಕುಣಿಗಲ್ಲಿನಲ್ಲಿ!

ನಮ್ಮ ಪಕ್ಕದ ಮನೆಯ ಭಾಬಿಯ ತಮ್ಮನ ಮದುವೆ ಅಲ್ಲಿ. ಭಾಬಿಯ ಗಂಡನಿಗೆ, ನಾನು ಭಾಯಿ ಅನ್ನುವವರಿಗೆ, ತುಮಕೂರು ಪೇಟೆಯಲ್ಲಿ ಎಸೆನ್ಸ್ ಅಂಗಡಿ. ಬೇಕರಿಯವರಿಗೆ, ಅಡುಗೆ ಭಟ್ಟರಿಗೆ, ಐಸ್‌ಕ್ಯಾಂಡಿಯವರಿಗೆ ಬೇಕಾದ ಎಸೆನ್ಸು, ಬಣ್ಣ, ಯೀಸ್ಟು ಎಲ್ಲ ಅವರಲ್ಲೇ. ನಾವು ಅವರ ಮನೆಗೆ ಎಳ್ಳು ಬೀರುತ್ತಿದ್ದೆವು, ರಂಜಾನ್ ಹಬ್ಬಕ್ಕೆ ಅವರ ಮನೆಯ ಶಾವಿಗೆ ಪಾಯಸ ನಮಗೆ ಬರುತ್ತಿತ್ತು. ಮದುವೆಗೆ ಎಲ್ಲರೂ ಹೋದೆವು, ಅತ್ತೆಯೂ ಬಂದರು. ನಮ್ಮಂಥವರಿಗೆಂದೇ ಬೇರೆ ಸಾಲಿನಲ್ಲಿ ಸಸ್ಯಾಹಾರದ ಊಟ. ಕೊನೆಗೆ ಜರ್ದಾ, ಅಂದರೆ ತುಪ್ಪ ಸಕ್ಕರೆ ಹಾಕಿದ ಸಿಹಿ ಅನ್ನ. ಏನು ಬಣ್ಣ ಅಂತೀರಿ ಅದರದ್ದು! ತಟ್ಟೆ ತುಂಬಾ ಚೆಂಡುಹೂವು ಉದುರಿಸಿದ ಹಾಗಿತ್ತು. ಮಗಳು ಚಮಚ ಬಿಸಾಕಿ ಕೈಯಲ್ಲೇ ಬಾಚಿ ತಿಂದಳು.

ವಾಪಸ್ ಬರುವಾಗ ಬಸ್ಸು ಇನ್ನೂ ಕುಣಿಗಲ್ ಕೆರೆ ದಾಟಿಲ್ಲ, ಶುರುವಾಯಿತು ಕೆರೆತ. ಅದೇ ಗಂಧೆ, ಅದೇ ಊದಿದ ಕಣ್ಣು. ನಾನು ಬ್ಯಾಗಿನಿಂದ ಸಿರಪ್ ತೆಗೆದು ಕುಡಿಸಿದೆ. ಹಿಂದಿನ ಸೀಟಿನಲ್ಲಿದ್ದ ಭಾಬಿಗೆ ಜೀವವೇ ಹೋದಂತಾಯಿತು. "ಯಾ ಅಲ್ಲಾ, ನಮ್ಮನೆ ಊಟ ತಿಂದು ಕೂಸಿಗೆ ಹಿಂಗಾಯ್ತಲ್ಲ ಅಕ್ಕಾ!"

"ಜರ್ದಾಕ್ಕೆ ಕೊಬ್ರಿ ಹಾಕಿದ್ರಾ ಭಾಬಿ?" ಅಂದೆ.

"ಇಲ್ಲ ಅಕ್ಕಾ, ಆಣೆಗೂ ಇಲ್ಲ. ಅಕ್ಕಿ, ತುಪ್ಪ, ಸಕ್ಕರೆ, ದ್ರಾಕ್ಷಿ, ಲವಂಗ. ಅಷ್ಟೇ."

"ಎಳ್ಳು?"

"ಜರ್ದಾಕ್ಕೆ ಎಳ್ಳು ಯಾರಕ್ಕಾ ಹಾಕ್ತಾರೆ?"

ಕೆರೆದುಕೊಳ್ಳದಿರಲಿ ಅಂತ ಮಗಳ ಎರಡೂ ಕೈ ಹಿಡಿದುಕೊಂಡಿದ್ದೆ. ಹಿಡಿದ ಕೈ ನೋಡುತ್ತೇನೆ, ಬೆರಳ ತುದಿಗಳೆಲ್ಲ ಹಳದಿ! ತೊಳೆದರೂ ಹೋಗದ ಹಳದಿ. ಸಂಕ್ರಾಂತಿಯ ಸಂಜೆ ವಿಭೂತಿ ಹಚ್ಚುವಾಗಲೂ ಇದೇ ಬೆರಳು ಹೀಗೇ ಹಳದಿಯಾಗಿತ್ತಲ್ಲ! "ಬಣ್ಣ!" ಅಂತ ಕೂಗಿಯೇಬಿಟ್ಟೆ. "ಭಾಬಿ, ಬಣ್ಣ! ಅತ್ತೆ, ಬಣ್ಣ!" ಬಸ್ಸಿನವರೆಲ್ಲ ತಿರುಗಿ ನೋಡಿದರು. ಡ್ರೈವರ್ ಯಾರೋ ಇಳಿಯಬೇಕು ಅಂದುಕೊಂಡು ಬ್ರೇಕ್ ಹಾಕಿದ. ನಮ್ಮ ಯಜಮಾನರು ತಲೆ ತಗ್ಗಿಸಿ ಕಿಟಕಿಯ ಕಡೆ ತಿರುಗಿಕೊಂಡರು.

ಅತ್ತೆ ಒಪ್ಪಬೇಕಲ್ಲ! "ಬಣ್ಣ ಎಲ್ರೂ ತಿಂತಾರೆ, ಬುಡು ಅತ್ಲಾಗೆ" ಅಂದರು. ಆದರೂ ಅವತ್ತಿನಿಂದ ಹಳದಿ ಬಣ್ಣದ ತಿಂಡಿ ಮನೆಗೆ ಬಂದ್. ಜಿಲೇಬಿ ಇಲ್ಲ, ಅಂಗಡಿ ಲಡ್ಡು ಇಲ್ಲ. ಡಾಕ್ಟರನ್ನು ಕೇಳಿದೆ. "ಹೌದಮ್ಮಾ, ಹಳದಿ ಬಣ್ಣಗಳಲ್ಲಿ ಒಂದು ಹಂಗಿದೆ, ಕೆಲವರಿಗೆ ಆಗಲ್ಲ. ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ. ಅದು ವಿಷ ಏನಲ್ಲ, ನಿಮ್ಮ ಮಗಳ ಮೈಗೆ ಒಗ್ಗಲ್ಲ ಅಷ್ಟೇ" ಅಂದರು. ನಾನು ಗೆದ್ದೆ ಅಂತ ಬೀಗುತ್ತಾ ಮನೆಗೆ ಬಂದೆ.

ಬೀಗಿದ್ದು ಹೆಚ್ಚು ದಿನ ನಡೆಯಲಿಲ್ಲ. ಬೇಸಿಗೆಯಲ್ಲಿ ಮಗಳು ಹಸಿರು ಬಣ್ಣದ ಐಸ್‌ಕ್ಯಾಂಡಿ ತಿಂದು, ಹಸಿರು ನಾಲಿಗೆ ತೋರಿಸುತ್ತಾ ಬಂದಳು. ಹಳದಿಯಲ್ಲವಲ್ಲ ಅಂತ ನಾನೇ ಕೊಡಿಸಿದ್ದೆ. ಹಸಿರು ನಾಲಿಗೆಯ ಹಿಂದೆಯೇ ಗಂಧೆ! ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಮ್ಮ ನಿನ್ ಹಳದಿ? ಹಳದಿ ಹಳದಿ ಅಂತ ಬಡ್ಕೊಂಡಲ್ಲ, ಈಗೇನಂತೀಯ?" ಅಂದರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮಗಳಿಗೆ ಸಿರಪ್ ಕುಡಿಸಿ ಮಲಗಿಸಿದೆ. ಏನೂ ತೋಚಲಿಲ್ಲ. ಮಳೆಗಾಲ ಕಳೆಯಿತು, ಗಣೇಶನ ಹಬ್ಬ ಹೋಯಿತು, ದೀಪಾವಳಿಯೂ ಆಯಿತು. ಕಾರ್ತೀಕ ಮುಗಿಯುವ ಹೊತ್ತಾಯಿತು ಅನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಒಂದು ದಿನ ಬೆಳಗ್ಗೆ ಕಾಂಪೌಂಡಿನ ಆಚೆ ನಿಂತು ಭಾಬಿಗೆ ಈ ಹಸಿರಿನ ಕಥೆ ಹೇಳುತ್ತಿದ್ದೆ. ಅಂಗಡಿಗೆ ಹೊರಟಿದ್ದ ಭಾಯಿ ಕೇಳಿಸಿಕೊಂಡು ಅಲ್ಲೇ ನಿಂತರು. "ಹಸಿರಾ? ಆ ಕ್ಯಾಂಡಿಯವ್ನಿಗೆ ಹಸಿರು ಕೊಡೋದು ನಾನೇ ಅಕ್ಕಾ. ಬನ್ನಿ, ಒಂದು ತೋರಿಸ್ತೀನಿ. ಬಿಳೀ ಬಟ್ಟೆ ಇದ್ರೆ ಒದ್ದೆ ಮಾಡ್ಕೊಳ್ಳಿ" ಅಂದರು. ಮನೆಯಲ್ಲಿದ್ದ ಹಸಿರು, ಹಳದಿ ಬಣ್ಣದ ಸ್ಯಾಂಪಲ್ ಡಬ್ಬಿಗಳನ್ನು ತರಲು ಒಳಗೆ ಹೋದರು.

ನಮ್ಮ ಅಡುಗೆಮನೆಯಲ್ಲಿ ಜನ ಸೇರಿದರು: ನಾನು, ಭಾಬಿ, ಭಾಯಿ, ಏನು ನಾಟಕ ನೋಡೋಣ ಅಂತ ಅತ್ತೆ, ಸ್ಕೂಲಿಗೆ ರಜವಾದ್ದರಿಂದ ಮಗಳು. ಅವಸರದಲ್ಲಿ ಕೈಗೆ ಸಿಕ್ಕ ಬಿಳೀ ಬಟ್ಟೆ ತಂದು ಒದ್ದೆ ಮಾಡಿ ಹರಡಿದೆ. ಭಾಯಿ ಒಂದೇ ಒಂದು ಚಿಟಿಕೆ ಹಸಿರು ಪುಡಿಯನ್ನು ಮೇಲಿಂದ ಉದುರಿಸಿದರು. ಎಲ್ಲರೂ ಬಗ್ಗಿದೆವು.

ಒದ್ದೆ ಬಟ್ಟೆಯ ಮೇಲೆ ಬಿದ್ದ ಕಣ ಒಂದೊಂದೂ ಬಿಚ್ಚಿಕೊಂಡಿತು. ಹಸಿರು ಎಲ್ಲಿದೆ? ಒಂದು ಚುಕ್ಕೆ ನೀಲಿ, ಅದರ ಪಕ್ಕ ಹಳದಿ! ಮತ್ತೊಂದು ನೀಲಿ, ಸುತ್ತ ಹತ್ತಾರು ಹಳದಿ! ಎರಡೂ ಹರಡಿ ಕೂಡಿಕೊಂಡ ಕಡೆ ಮಾತ್ರ ಹಸಿರು. ಮಗಳು ಚಪ್ಪಾಳೆ ತಟ್ಟಿದಳು. ಹಳದಿ ಕಳ್ಳ ಹಸಿರಿನೊಳಗೇ ಅಡಗಿ ಕೂತಿದ್ದ!

"ನೋಡಿದ್ರಾ?" ಭಾಯಿ ಡಬ್ಬಿ ತಿರುಗಿಸಿ ತೋರಿಸಿದರು. "ಹಸಿರು ಅಂತ ಬೇರೆ ಬಣ್ಣ ಏನಿಲ್ಲ ಇದ್ರಲ್ಲಿ. ಹಳದಿನೂ ನೀಲಿನೂ ಕಲ್ಸಿರೋದು." ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದೆ: ಟಾರ್ಟ್ರಜಿನ್, ಬ್ರಿಲಿಯಂಟ್ ಬ್ಲೂ. ಹಳದಿ ಡಬ್ಬಿಯ ಮೇಲೂ ಅದೇ ಟಾರ್ಟ್ರಜಿನ್.

"ಇದನ್ನ ಮಾರ್ತೀರಲ್ಲ ಭಾಯಿ!" ಅಂತ ಅವರ ಮೇಲೇ ರೇಗಿದೆ.

"ಅಕ್ಕಾ, ಇದು ಸರ್ಕಾರ ಒಪ್ಪಿರೋ ಬಣ್ಣ. ಸೀಲ್ ಇದೆ, ಮಾರ್ಕ್ ಇದೆ. ಊದುಬತ್ತಿಗೆ, ಬಟ್ಟೆಗೆ ಹಾಕೋ ಲೂಸ್ ಪುಡಿ ಇರುತ್ತಲ್ಲ, ಅದನ್ನ ತಿನ್ನೋದಕ್ಕೆ ಮಾರೋರೂ ಇದಾರೆ. ನಾನು ಅದನ್ನ ಮುಟ್ಟೋನಲ್ಲ."

"ಸರ್ಕಾರ ಒಪ್ಪಿದ್ರೆ ಆಯ್ತಾ? ನನ್ ಮಗಳ ಮೈ ಒಪ್ಪಬೇಕಲ್ಲ!"

ಭಾಯಿ ನಕ್ಕುಬಿಟ್ಟರು. "ಅದನ್ನ ಡಬ್ಬಿ ಮೇಲೆ ಬರೆಯೋಕಾಗಲ್ವಲ್ಲ ಅಕ್ಕಾ. ಹೆಸರು ಬರೆದಿರುತ್ತೆ, ಓದ್ಕೋಬೇಕು."

ಓದುವುದಕ್ಕೆ ಹೆಸರು ಇರಬೇಕಲ್ಲ! ಡಬ್ಬಿಯ ಮೇಲೆ ಹೆಸರಿದೆ, ಸರಿ. ಆ ಡಬ್ಬಿಯಿಂದ ಪಾಕಕ್ಕೆ, ಪಾಕದಿಂದ ಮಿಠಾಯಿಗೆ ಹೋಗುವಷ್ಟರಲ್ಲಿ ಹೆಸರು ಉದುರಿಹೋಗಿರುತ್ತದೆ. ಕ್ಯಾಂಡಿಗೆ ಲೇಬಲ್ ಇಲ್ಲ, ಜರ್ದಾಕ್ಕೆ ಇಲ್ಲ, ಬೇಕರಿಯ ಗಾಜಿನೊಳಗಿನ ದಿಲ್‌ಪಸಂದಿಗೂ ಇಲ್ಲ. ಪೊಟ್ಟಣದಲ್ಲಿ ಬರುವ ಪೆಪ್ಪರ್‌ಮೆಂಟು, ಬಿಸ್ಕತ್ತಿನ ಮೇಲೆ ಆಗೆಲ್ಲ ಇರುತ್ತಿದ್ದದ್ದು ಒಂದೇ ಸಾಲು, ಅನುಮತಿ ಪಡೆದ ಕೃತಕ ಬಣ್ಣ ಸೇರಿದೆ ಅಂತ. ಯಾವ ಬಣ್ಣ ಅಂತ ಕೇಳಿದರೆ ಅಂಗಡಿಯವನು ನಮ್ಮ ಮುಖವನ್ನೇ ನೋಡುತ್ತಿದ್ದ. ಕೆಲವು ವರ್ಷಗಳ ಮೇಲೆ ಪೊಟ್ಟಣಗಳ ಮೇಲೆ ನಂಬರು ಬರತೊಡಗಿತು. ಅಷ್ಟು ಹೊತ್ತಿಗೆ ಮಗಳು ಹೈಸ್ಕೂಲು. ಅಂಗಡಿಯ ಮುಂದೆ ನಿಂತು ಪೊಟ್ಟಣ ತಿರುಗಿಸಿ, "ನೂರಾ ಎರಡು ಇದೆ, ಬೇಡ! ಇದರಲ್ಲಿ ಇಲ್ಲ, ಕೊಡಿ!" ಅಂತ ಜೋರಾಗಿ ಓದುತ್ತಿದ್ದಳು. ನೂರಾ ಎರಡು ಅಂದರೆ ಅದೇ ಹಳದಿ. ಅವಳ ಗೆಳತಿಯರೂ ಕಲಿತುಬಿಟ್ಟು, ಏನೂ ತೊಂದರೆ ಇಲ್ಲದವರೂ ನೂರಾ ಎರಡು ಹುಡುಕುತ್ತಿದ್ದರು.

ಅವತ್ತು ಅಡುಗೆಮನೆಯಲ್ಲಿ ಮಾತ್ರ ಇನ್ನೊಂದು ಆಯಿತು. ನಾನು ಕುಣಿಯುತ್ತಿದ್ದೆ. "ಕೊಬ್ರಿ ಅಲ್ಲ ಅತ್ತೆ! ಅಮ್ಮನ ಕೊಬ್ರಿ ಅಲ್ಲ! ಬಣ್ಣ! ಗಿಳಿಗೆ ಹಾಕಿದ ಬಣ್ಣ!" ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿತು. ಗಿಳಿ ಯಾರದು? ಅಮ್ಮನದು. ಬಣ್ಣ ಹಾಕಿದ ಕೈ ಯಾರದು? ಅಮ್ಮನದೇ. ಇಡೀ ವರ್ಷ ಅಮ್ಮನದಲ್ಲ ಅಮ್ಮನದಲ್ಲ ಅಂತ ಹೊಡೆದಾಡಿ, ಕೊನೆಗೆ ಅಮ್ಮನ ಬಾಗಿಲಿಗೇ ತಂದು ನಿಲ್ಲಿಸಿದ್ದೆ. ಕುಣಿಯುತ್ತಿದ್ದ ಕಾಲು ನಿಂತಿತು.

ಅತ್ತೆ ಇದರ ಮೇಲೆ ಏನಾದರೂ ಅನ್ನುತ್ತಾರೆ ಅಂತ ಕಾದೆ. ಅವರು ಬಟ್ಟೆಯ ಮೇಲಿನ ಚುಕ್ಕೆಗಳನ್ನೇ ನೋಡುತ್ತಿದ್ದರು. ಆಮೇಲೆ, "ಬಿಳೀ ಅಚ್ಚು ತಿಂದ್ರೆ ಏನೂ ಆಗಾಕಿಲ್ಲ ಅಲ್ವಾ?" ಅಂದರು.

"ಬಿಳೀದ್ರಲ್ಲಿ ಬರೀ ಸಕ್ರೆ ಅಮ್ಮಾ, ಏನಾಗುತ್ತೆ?" ಅಂದರು ಭಾಯಿ.

"ಯಾವತ್ತು ಬತ್ತಾಳೆ ನಿಮ್ ಚೇಳೂರು ಚಿಕ್ಕಮ್ಮ?" ಅತ್ತೆ ನನ್ನ ಕಡೆ ತಿರುಗಿದರು. ಅದು ಇವರಿಗೆ ಹೇಗೆ ಗೊತ್ತು? ಬಹುಶಃ ನಮ್ಮ ಯಜಮಾನರಿಗೆ ಹೇಳುವಾಗ ಕೇಳಿಸಿಕೊಂಡಿರಬೇಕು. ಕಾರ್ತೀಕ ಕಳೀತಲ್ಲ, ಇವತ್ತು ಅಥವಾ ನಾಳೆ ಅಂದೆ. "ಹಂಗಾರೆ ಏನ್ ನೋಡ್ತಾ ನಿಂತಿದೀಯ? ಸೀರೆ ಬದಲಾಯ್ಸು. ನಾನೂ ಬತ್ತೀನಿ."

ಹೊರಡುವ ಗಡಿಬಿಡಿಯಲ್ಲಿ ಒಳಗಿನಿಂದ ಯಜಮಾನರ ಕೂಗು ಕೇಳಿಸಿತು. ನಾನು ಒದ್ದೆ ಮಾಡಿ ಹರಡಿದ್ದು ಅವರ ದೀಪಾವಳಿಯ ಹೊಸ ಪಂಚೆ. "ನಿಮ್ಮಮ್ಮನ್ನೇ ಕೇಳ್ರೀ!" ಅಂದು ಮಗಳ ಕೈ ಹಿಡಿದು ಓಡಿದೆ.

ಗುಬ್ಬಿ ಬಸ್ಸು ಅವತ್ತು ಸಿಕ್ಕಸಿಕ್ಕಲ್ಲೆಲ್ಲ ನಿಂತಿತು. ನನಗೋ ಇಳಿದು ತಳ್ಳಿಬಿ‌ಡೋಣ ಅನ್ನುವಷ್ಟು ಆತುರ. ಮನೆಯ ಬಾಗಿಲು ತಲುಪಿ ನೋಡಿದರೆ, ನಡುಮನೆಯಲ್ಲಿ ಚೇಳೂರು ಚಿಕ್ಕಮ್ಮ ಕೂತಿದ್ದಾಳೆ, ಮುಂದೆ ಚೀಲ, ಚೀಲದ ಬಾಯಿಗೆ ಆಗಲೇ ದಾರ ಬಿಗಿದಿದೆ! ಅಮ್ಮ ಅವಳಿಗೆ ಕುಂಕುಮ ಕೊಡುತ್ತಿದ್ದಳು. ಬೀಗಿತ್ತಿಯನ್ನು ನೋಡಿ ಗಾಬರಿಯಾಗಿ ಕುಂಕುಮದ ಬಟ್ಟಲು ಕೆಳಗಿಟ್ಟಳು.

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕುಣಿಗಲ್ಲು, ಬೆರಳು, ಹಸಿರು, ಪಂಚೆ, ನೀಲಿ ಚುಕ್ಕೆ, ಹಳದಿ ಚುಕ್ಕೆ. ಅಮ್ಮ ಕೇಳಿಸಿಕೊಂಡು ಅಡುಗೆಮನೆಗೆ ಹೋದಳು. ಗೂಡಿನಿಂದ ಪುಟ್ಟ ಡಬ್ಬಿ ತಂದು ನನ್ನ ಕೈಗಿಟ್ಟಳು. ಭಾಯಿಯ ಅಂಗಡಿಯಲ್ಲಿರುವಂಥದ್ದೇ ಡಬ್ಬಿ, ಅದೇ ಸೀಲು, ಅದೇ ಹೆಸರು. "ಲೂಸ್ ಪುಡಿ ಬೇಡ, ಗೌರ್ಮೆಂಟ್ ಒಪ್ಪಿದ್ದು ಕೊಡಪ್ಪ, ಮೊಮ್ಮಗು ತಿನ್ನೋದು ಅಂತ ಕೇಳಿ ತಂದಿದ್ದೆ ಕಣೇ" ಅಂದಳು. "ಬೆಂಕಿಕಡ್ಡಿ ತುದೀಲಿ ಮುಟ್ಟಿಸ್ತಿದ್ದೆ, ಅಷ್ಟೇಯ. ಅಷ್ಟಕ್ಕೇ ಮಗೀಗೆ ಹಂಗಾಗೋಯ್ತಾ? ಹಂಗಾದ್ರೆ ನನ್ ಕೈಯಿಂದ್ಲೇ ಆಗಿದ್ದು ಅಲ್ವಾ?"

"ನಿನ್ ಕೈ ಅಲ್ಲಮ್ಮಾ, ಬಣ್ಣ! ನಿನ್ ತಪ್ಪೇನಿಲ್ಲ ಇದ್ರಲ್ಲಿ!"

ಚಿಕ್ಕಮ್ಮನ ಬಾಯಿಗೆ ಬೀಗ ಅನ್ನುವುದೇ ಇಲ್ಲ. ಚೀಲ ಹಿಡಿದು ಕೂತಿದ್ದವಳು ಸಿಡಿದೇಬಿಟ್ಟಳು. "ನಮ್ಮವ್ವನ ಕಾಲ್ದಿಂದ ಈ ಮನೇಲಿ ಅಚ್ಚಿಗೆ ಬಣ್ಣ ಹಾಕಿದ್ದೇ ಇಲ್ಲ. ನಮ್ಮಕ್ಕ ಯಾಕ್ ಹಾಕಿದ್ಲು ಕೇಳ್ರಿ! ಗುಬ್ಬೀಲಿ ಬಣ್ಣ ಸಿಗಾಕಿಲ್ವಾ ಅಂತ ಹತ್ತ್ ಜನದ್ ಮುಂದೆ ಅಂದೋರ್ಯಾರು? ಅವತ್ತು ಬಂದು ಈ ಕಂಬದ್ ತಾವ ಕೂತು ಅತ್ತಿದ್ಲು!"

"ಸುಮ್ನಿರೇ!" ಅಮ್ಮ ಗದರಿದಳು. ಮುಖ ಕೆಂಪಾಗಿಬಿಟ್ಟಿತ್ತು.

ನಾನು ಅತ್ತೆಯ ಕಡೆ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಈಗ ಜಗಳವೇ ಅಂದುಕೊಂಡೆ. ಅತ್ತೆ ಯಾವತ್ತೂ ಯಾರ ಮುಂದೆಯೂ ತಪ್ಪಾಯಿತು ಅಂದವರಲ್ಲ. ಅವತ್ತೂ ಅನ್ನಲಿಲ್ಲ. ಚಿಕ್ಕಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, ಚೀಲವನ್ನು ತಮ್ಮ ಕಡೆ ಎಳೆದುಕೊಂಡು, ಹಲ್ಲಿನಲ್ಲಿ ಕಚ್ಚಿ ದಾರ ಬಿಚ್ಚಿದರು. ಒಂದೊಂದೇ ಅಚ್ಚು ತೆಗೆದು ಸೆರಗಿನಲ್ಲಿ ಒರೆಸಿ ನೆಲದ ಮೇಲೆ ಜೋಡಿಸಿದರು. ಹಸು, ಮೀನು, ಬೃಂದಾವನ, ಗೋಪುರ. ಕೊನೆಗೆ ಗಿಳಿ ಸಿಕ್ಕಿತು. ಅದನ್ನು ಮೊಮ್ಮಗಳ ಕೈಗೆ ಕೊಟ್ಟು, "ಹೋಗು, ನಿಮ್ಮಜ್ಜಿಗೆ ಕೊಡು. ನೀರಲ್ಲಿ ನೆನೆ ಹಾಕೋಕ್ ಹೇಳು" ಅಂದರು.

ಅಮ್ಮ ಗಿಳಿ ಇಸಿದುಕೊಂಡು ಬಚ್ಚಲ ಕಡೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ. "ನಾನೇನ್ ಬರಿಗೈಲಿ ಹೋಗ್ಬೇಕಾ?" ಅಂತ ಚಿಕ್ಕಮ್ಮ ಗೊಣಗಿದಳು. ನನಗೆ ನಗುವೂ ಬಂತು, ಅಳುವೂ ಬಂತು. ಹೋಗುವಾಗ ಅಮ್ಮ ಅವಳ ಚೀಲಕ್ಕೆ ತೆಂಗಿನಕಾಯಿ ತುಂಬಿ ಕಳಿಸಿದಳು.

ಆ ಸಂಕ್ರಾಂತಿಗೆ ಅಮ್ಮ ಹಬ್ಬದ ಹಿಂದಿನ ದಿನವೇ ಉಪ್ಪಾರಹಳ್ಳಿಗೆ ಬಂದಳು. ಕರೆಸಿದ್ದು ಅತ್ತೆಯೇ. ಬುಟ್ಟಿಯ ತುಂಬ ಬೆಳ್ಳನೆಯ ಅಚ್ಚು. ಬುಟ್ಟಿಗೆ ಒಂದು ಚೀಟಿ ಅಂಟಿಸಿದ್ದಳು, ಅವಳದೇ ಕೋಳಿಕಾಲು ಅಕ್ಷರದಲ್ಲಿ: ಸಕ್ಕರೆ, ಹಾಲು, ನಿಂಬೆರಸ. ಬಣ್ಣ ಇಲ್ಲ. ಇದನ್ನು ಬರೆಯಲು ಯಾರೂ ಹೇಳಿರಲಿಲ್ಲ. ಮಗಳು ಗಿಳಿಯನ್ನೇ ಆರಿಸಿದಳು, ತಲೆಯಿಂದಲೇ ಶುರುಮಾಡಿದಳು. ನಾವು ಮೂವರೂ ಅವಳ ಎದುರು ಸಾಲಾಗಿ ಕೂತು ಕಾದೆವು. ಅಮ್ಮ ತುಟಿ ಅಲ್ಲಾಡಿಸುತ್ತಾ ಏನೋ ಜಪ ಮಾಡುತ್ತಿದ್ದಳು. ಬಾಲವೂ ಮುಗಿಯಿತು. ಅತ್ತೆ ಮಗಳ ತೋಳು ಎತ್ತಿ, ಕತ್ತು ತಿರುಗಿಸಿ, ಬೆನ್ನು ಸವರಿ ನೋಡಿದರು. ಕೆರೆತ ಇಲ್ಲ, ಗಂಧೆ ಇಲ್ಲ, ಏನೇನೂ ಇಲ್ಲ! "ಇನ್ನೊಂದ್ ಕೊಡಿ" ಅಂತ ಕೈ ಚಾಚಿದಳು ನನ್ನ ಮಗಳು. ನಾನು ಅವಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿಯೇಬಿಟ್ಟೆ.

ಮರುದಿನ ಸಂಜೆ ಎಳ್ಳು ತೆಗೆದುಕೊಳ್ಳಲು ಬೀದಿಯ ಹೆಂಗಸರು ಬಂದರು. ಜಗಲಿಯ ಮೇಲೆ ಬುಟ್ಟಿ ಇಟ್ಟುಕೊಂಡು ಅತ್ತೆಯೇ ಹಂಚುತ್ತಿದ್ದರು. ಎದುರು ಮನೆಯಾಕೆ ಒಂದು ಹಸು ಎತ್ತಿ ನೋಡಿ ನಕ್ಕಳು. "ಇದೇನ್ರೀ, ಈ ವರ್ಷ ಎಲ್ಲಾ ಬೆಳ್ಳಗೆ? ನಿಮ್ ಬೀಗರ ಊರಲ್ಲಿ ಬಣ್ಣ ಸಿಗಲಿಲ್ವಾ?"

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಅಮ್ಮ ತಟ್ಟೆ ತೊಳೆಯುತ್ತಿದ್ದಳು, ನೀರಿನ ಸದ್ದು ನಿಂತಿತು.

"ಸಿಗದೇನು, ಬೇಕಾದಷ್ಟ್ ಸಿಗ್ತದೆ" ಅಂದರು ಅತ್ತೆ, ಇಡೀ ಬೀದಿಗೆ ಕೇಳುವ ಹಾಗೆ. "ನಮ್ ಬೀಗಿತ್ತಿ ಕೈಯಲ್ಲಾಗಿದ್ದು ಕಣಮ್ಮ ಇದು. ಇದಕ್ಕೆ ಬಣ್ಣ ಬ್ಯಾಡ. ತಗೋ, ಮಕ್ಕಳಿಗ್ ಕೊಡು."

ಎದುರು ಮನೆಯಾಕೆ ಹಸುವನ್ನು ತಟ್ಟೆಗೆ ಹಾಕಿಕೊಂಡು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಮತ್ತೆ ನಲ್ಲಿಯ ಸದ್ದು ಕೇಳಿಸಿತು.